ಒಂದು ನಿಮಿಷ ನಲವತ್ತನೇ ಸೆಕೆಂಡಿನಲ್ಲಿ ಏನು ಕಾಣುತ್ತದೆ?

ಬೆಳಗಿನ ಐದೂ ಮುಕ್ಕಾಲು. ಶಿಡ್ಲಘಟ್ಟದ ತಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿಗೆ ಒರಗಿ ತನುಜ ಲ್ಯಾಪ್‌ಟಾಪ್ ತೆರೆದಿದ್ದಾರೆ. ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಕಿವಿಗೆ ಇಯರ್‌ಫೋನ್, ಮಡಿಲಲ್ಲಿ ಮೊಬೈಲು, ಪಕ್ಕದಲ್ಲಿ ಆರುತ್ತಿರುವ ಕಾಫಿ. ರೇಷ್ಮೆ ಸಾಕುವವರು ಹುಳುಗಳಿಗೆ ಮೊದಲ ಸೊಪ್ಪು ಹಾಕಿ ಕೂರುವ ಹೊತ್ತಿದು. ಅವರು ವಿಡಿಯೊ ನೋಡುವುದೂ, ಅದರಲ್ಲಿ ತಪ್ಪು ಹುಡುಕುವುದೂ ಈಗಲೇ.

ಚಿಕ್ಕಬಳ್ಳಾಪುರದ ಆರು ಜನರ ತಂಡವೊಂದು ರೇಷ್ಮೆ ಬೆಳೆಗಾರರಿಗಾಗಿ ಪಾಠದ ವಿಡಿಯೊಗಳನ್ನು ಮಾಡುತ್ತದೆ. ಅದರಲ್ಲಿ ತನುಜ ಕ್ಯಾಮೆರಾ ಹಿಡಿಯುವುದಿಲ್ಲ, ಎಡಿಟ್ ಮಾಡುವುದಿಲ್ಲ, ದನಿ ಕೊಡುವುದಿಲ್ಲ. ಹಾಗಾದರೆ ಮಾಡುವುದೇನು ಎಂದು ಅವರ ತಂದೆ ಬಯ್ಯಪ್ಪನವರೇ ಇಂದಿಗೂ ಕೇಳುತ್ತಾರಂತೆ. ಹೊರಡುವ ಮುಂಚೆ ವಿಡಿಯೊ ನೋಡಿದ ಬೆಳೆಗಾರರು ಹೇಳಿದ್ದನ್ನು ತಂಡಕ್ಕೆ ಮುಟ್ಟಿಸುವುದು ಅವರ ಕೆಲಸ. ನೋಡುವವರು ಮೊಬೈಲಿನಲ್ಲಿ ಕಳಿಸಿದ ಮಾತು ವಿಡಿಯೊದ ಇಂತಿಷ್ಟನೇ ಸೆಕೆಂಡಿನ ಮೇಲೆ ಟಿಪ್ಪಣಿಯಾಗಿ ಕೂರಬೇಕು. ಆ ಟಿಪ್ಪಣಿ ತಂಡದ ಕೆಲಸದ ಪಟ್ಟಿಯಲ್ಲಿ ಒಂದು ಕಾರ್ಡ್ ಆಗಬೇಕು. ಎರಡೂ ಬೇರೆ ಬೇರೆ ಆ್ಯಪ್‌ಗಳು, ಮೊದಲು ಒಂದರ ಸುದ್ದಿ ಇನ್ನೊಂದಕ್ಕೆ ತಾನಾಗಿ ತಿಳಿಯುತ್ತಿರಲಿಲ್ಲ, ಕಾರ್ಡನ್ನೂ ತನುಜ ಅವರೇ ಬರೆಯಬೇಕಿತ್ತು.

ದಿನಕ್ಕೆ ಅರವತ್ತು ಎಪ್ಪತ್ತು ಟಿಪ್ಪಣಿ. ಒಂದೇ ಹೊತ್ತಿಗೆ ಎಂಟೊಂಬತ್ತು ವಿಡಿಯೊ, ಒಂದೊಂದಕ್ಕೂ ನಾಲ್ಕೈದು ಆವೃತ್ತಿ. "ಅರ್ಧ ಕನ್ನಡ, ಅರ್ಧ ತೆಲುಗು ಸಾರ್. ಹಿಂದೆ ಮಿಕ್ಸಿ ಸದ್ದು, ಕೋಳಿ ಸದ್ದು. ಒಂದೊಂದು ವಾಯ್ಸ್ ಮೆಸೇಜ್ ಮೂರ್ಮೂರು ಸಲ ಕೇಳ್ತೀನಿ" ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಬಿ.ಕಾಂ. ಮುಗಿಸಿ ಚಿಂತಾಮಣಿಯ ಫೋಟೊ ಸ್ಟುಡಿಯೊದಲ್ಲಿ ನಾಲ್ಕು ವರ್ಷ ಮದುವೆ ಆಲ್ಬಮ್ ಜೋಡಿಸಿದವರು ತನುಜ. ಕಂಪ್ಯೂಟರ್ ತರಗತಿಗೆ ಹೋದವರಲ್ಲ. ಹೋದ ವರ್ಷ ಒಂದು ವಾರ ತಡಕಾಡಿ, ಎರಡೂ ಆ್ಯಪ್‌ಗಳನ್ನು ತಾವೇ ಜೋಡಿಸಿದರು. ವಿಡಿಯೊ ಮೇಲೆ ಟಿಪ್ಪಣಿ ಬಿದ್ದರೆ ಸಾಕು, ಕಾರ್ಡ್ ತಾನೇ ಹುಟ್ಟುತ್ತದೆ. ಕಾರ್ಡ್ 'ಮುಗಿದಿದೆ' ಎಂದರೆ ಟಿಪ್ಪಣಿಯೂ ಹಸಿರಾಗುತ್ತದೆ. ದಿನಕ್ಕೆ ಮೂರು ಗಂಟೆ ಉಳಿಯಿತು. ಆಫೀಸಿನಲ್ಲಿ ಎಲ್ಲರಿಗೂ ಬೋಂಡಾ ತರಿಸಿದರು.

ಮುಂದಿನದನ್ನು ಹೇಳುವಾಗ ಅವರು ಲ್ಯಾಪ್‌ಟಾಪ್ ಮುಚ್ಚುತ್ತಾರೆ.

ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಇಲ್ಲಿನವರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು. ಒಂದು ವಿಡಿಯೊದ ಎರಡನೇ ಆವೃತ್ತಿಯಲ್ಲಿ, ನೋಡಲು ಚೆನ್ನಾಗಿದೆಯೆಂದು ಅಂಥ ಹುಳುಗಳ ಮೇಲೇ ಸೊಪ್ಪು ಹಾಕುವ ದೃಶ್ಯ ಸೇರಿತ್ತು. ಹಿರಿಯ ಬೆಳೆಗಾರ ಮುನಿಗಂಗಪ್ಪನವರಿಗೆ ಅದು ತಕ್ಷಣ ಕಣ್ಣಿಗೆ ಬಿತ್ತು. ಒಂದು ನಿಮಿಷ ನಲವತ್ತನೇ ಸೆಕೆಂಡಿನಲ್ಲಿ ಟಿಪ್ಪಣಿ ಕೂತಿತು: ಈ ದೃಶ್ಯ ತೆಗೆಯಿರಿ.

ಆದರೆ ಅಷ್ಟರಲ್ಲಿ ಗೌರಿಬಿದನೂರಿನಲ್ಲಿ ಕೂತು ಎಡಿಟ್ ಮಾಡುವ ಜಗನ್, ವಿಡಿಯೊದ ಆರಂಭದಲ್ಲಿ ಎಂಟು ಸೆಕೆಂಡು ಕತ್ತರಿಸಿ ಮೂರನೇ ಆವೃತ್ತಿ ಮಾಡಿದ್ದರು. ಅದರ ಒಂದು ನಿಮಿಷ ನಲವತ್ತನೇ ಸೆಕೆಂಡಿನಲ್ಲಿ ಸೊಪ್ಪು ಕೊಯ್ಯುವ ಹೆಂಗಸೊಬ್ಬಳು ಇದ್ದಳು. ಜಗನ್ ಅವಳನ್ನು ತೆಗೆದರು. 'ಮುಗಿದಿದೆ' ಒತ್ತಿದರು. ಎರಡೂ ಕಡೆ ಹಸಿರು. ಹುಳುಗಳು ಎಂಟು ಸೆಕೆಂಡು ಹಿಂದೆ ಹಾಗೇ ಉಳಿದವು, ವಿಡಿಯೊ ಹಳ್ಳಿಗಳಿಗೆ ಹೋಯಿತು.

"ಕೈಯಲ್ಲಿ ಬರೀತಿದ್ದಾಗ ಪ್ರತಿಯೊಂದನ್ನೂ ನೋಡ್ತಿದ್ದೆ. ತಾನೇ ಹೋಗೋಕೆ ಶುರುವಾದ್ಮೇಲೆ ನಾನು ನೋಡೋದು ಬಿಟ್ಟೆ. ಜಗನ್ ತಪ್ಪಲ್ಲ ಸಾರ್, ನಂದೇ" ಎನ್ನುತ್ತಾರೆ ತನುಜ.

ಮಂಚೇನಹಳ್ಳಿ ಕಡೆಯ ಲಕ್ಷ್ಮಿದೇವಮ್ಮನವರಿಗೆ ಅದು ಮೊದಲ ಬೆಳೆ. ವಿಡಿಯೊ ನೋಡಿಕೊಂಡೇ ಸಾಕಿದ್ದರು. ಹುಳುಗಳು ಒಂದು ದಪ್ಪ, ಒಂದು ಸಣ್ಣ ಆಗಿ, ಅರ್ಧಕ್ಕರ್ಧ ಸತ್ತು ಗುಂಡಿಗೆ ಹೋದವು. ಸುದ್ದಿ ತಿಳಿದ ತನುಜ ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದರು. ಆಕೆ ಬಯ್ಯಲಿಲ್ಲ. "ನೀವ್ ತೋರ್ಸ್ದಂಗೇ ಮಾಡ್ದೆ ಕಣಮ್ಮ" ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು ಎಂದು ತನುಜ ಈಗಲೂ ಅಂದುಕೊಳ್ಳುತ್ತಾರೆ.

ಜೋಡಣೆಯನ್ನು ಅವರು ಕಿತ್ತುಹಾಕಲಿಲ್ಲ. ಅದಕ್ಕೊಂದು ತಡೆ ಹಾಕಿದರು. ಈಗ ಪ್ರತಿ ಟಿಪ್ಪಣಿಯಲ್ಲೂ 'ಏನು ಕಾಣುತ್ತದೆ?' ಎಂಬ ಖಾನೆ ಇದೆ, ಅದು ತುಂಬದೆ ಕಾರ್ಡ್ ಹುಟ್ಟುವುದಿಲ್ಲ. ಹೇಳಿದವರೇ ಹೊಸ ಆವೃತ್ತಿ ನೋಡಿ ಒಪ್ಪದೆ ಏನೂ ಹಸಿರಾಗುವುದಿಲ್ಲ. "ಮೊದ್ಲು ರೇಗ್ತಿತ್ತು. ಈಗ ಆ ಖಾನೆ ಓದ್ದೆ ಕತ್ತರಿ ಮುಟ್ಟಲ್ಲ" ಎಂದು ಫೋನಿನಲ್ಲಿ ಜಗನ್ ನಗುತ್ತಾರೆ. ಇನ್ನೊಂದು ನಿಯಮಕ್ಕೆ ತಂಡ ಒಪ್ಪಲು ತಿಂಗಳೇ ಹಿಡಿಯಿತು. ಮುನಿಗಂಗಪ್ಪನವರ ಜೊತೆಗೆ ಲಕ್ಷ್ಮಿದೇವಮ್ಮನವರೂ ನೋಡಬೇಕು, ಅವರು ಬೇಡವೆಂದರೆ ವಿಡಿಯೊ ಹೊರಡಬಾರದು.

ಇಂದು ಕಾಯುತ್ತಿರುವುದು ಅವರ ಮಾತಿಗೇ. ಅದೇ ಜ್ವರದ ಪಾಠ ಹೊಸದಾಗಿ ಚಿತ್ರೀಕರಣಗೊಂಡಿದೆ, ಇದು ಐದನೇ ಆವೃತ್ತಿ. ನಾಳೆ ನಲವತ್ತು ಮನೆಗಳಿಗೆ ಮರಿಹುಳು ಬರುತ್ತದೆ, ವಿಡಿಯೊ ಇವತ್ತೇ ತಲುಪಬೇಕು. ಮುನಿಗಂಗಪ್ಪ ನಿನ್ನೆಯೇ ಒಪ್ಪಿದ್ದಾರೆ. ನಾಲ್ಕನೆಯದನ್ನು ಲಕ್ಷ್ಮಿದೇವಮ್ಮ ಬೇಡವೆಂದಿದ್ದರು. ಹುಳು ತಲೆ ಎತ್ತಿರುವುದು ಸಣ್ಣ ಫೋನಿನಲ್ಲಿ ಕಾಣುವುದಿಲ್ಲ, ಹತ್ತಿರದಿಂದ ತೋರಿಸಿ ಎಂದಿದ್ದರು.

ಆರೂ ಐವತ್ತಕ್ಕೆ ಮೊಬೈಲ್ ಸದ್ದು ಮಾಡುತ್ತದೆ. ತನುಜ ಇಯರ್‌ಫೋನಿನ ಒಂದು ತುದಿಯನ್ನು ನನಗೆ ಕೊಡುತ್ತಾರೆ.

"ನೋಡ್ದೆ ಕಣಮ್ಮ, ಎರಡು ದಪ ನೋಡ್ದೆ. ತಲೆ ಎತ್ಕೊಂಡು ಕೂತಿರೋದು ಚೆನ್ನಾಗ್ ಕಾಣ್ತೈತೆ. ಸೊಪ್ಪು ಹಾಕ್ಬೇಡಿ ಅಂತಾನೂ ಹೇಳವ್ರೆ." ಹಿಂದೆ ಕೋಳಿ ಕೂಗುತ್ತದೆ. "ಆವತ್ತು ಇದ್ನೇ ಕಳ್ಸಿದ್ರೆ... ಇರ್ಲಿ ಬಿಡು. ಕಳ್ಸಮ್ಮ."

ತನುಜ ಅದನ್ನು ಇನ್ನೊಮ್ಮೆ ಕೇಳುತ್ತಾರೆ. ಕಣ್ಣು ಒರೆಸಿಕೊಂಡು ಒತ್ತುತ್ತಾರೆ. ಟಿಪ್ಪಣಿ ಹಸಿರಾಗುತ್ತದೆ, ಕಾರ್ಡೂ ಹಸಿರಾಗುತ್ತದೆ. ಜಗನ್‌ಗೆ ಫೋನ್ ಮಾಡಿ, "ಕಳ್ಸೋಕ್ ಮುಂಚೆ ಒಂದೇ ಒಂದು ಕಾರ್ಡ್ ಬರ್ತೈತೆ ನೋಡಪ್ಪ" ಎನ್ನುತ್ತಾರೆ.

ವಿಡಿಯೊ ಕೊನೆಯಲ್ಲಿ ನಿಮ್ಮ ಹೆಸರು ಬರುತ್ತದೆಯೇ ಎಂದು ಕೇಳುತ್ತೇನೆ. "ನಂದ್ಯಾಕೆ ಸಾರ್?" ಎಂದು ಅವರು ಹೊಸ ಟಿಪ್ಪಣಿ ಟೈಪ್ ಮಾಡತೊಡಗುತ್ತಾರೆ. ನಾನು ಬಗ್ಗಿ ಓದುತ್ತೇನೆ.

ಎಲ್ಲಿ: ಕಟ್ಟಕಡೆಗೆ.

ಏನು ಕಾಣಬೇಕು: 'ನೋಡಿ ಒಪ್ಪಿದವರು, ಲಕ್ಷ್ಮಿದೇವಮ್ಮ' ಅಂತ ಒಂದು ಸಾಲು. ಅವರು ನಿಧಾನವಾಗಿ ಓದ್ತಾರೆ, ಎಂಟು ಸೆಕೆಂಡ್ ಇರಲಿ.