ಅಪ್ಪನ ಅಂಗಿ

ಹರಪನಹಳ್ಳಿಯ ಡಾಕ್ಟರು ಈಸಿಜಿ ಮಾಡಿಸಲೇಬೇಕು ಎಂದರೂ ಅಪ್ಪ ಎರಡು ಸಲ ಆಸ್ಪತ್ರೆಯಿಂದ ಎದ್ದು ಬಂದಿದ್ದ. ಕಾರಣ ಇಷ್ಟೇ: ಅಂಗಿ ಬಿಚ್ಚಬೇಕಂತೆ. ಎದೆ ಹಿಡಿದುಕೊಂಡು ಕೂತವನಿಗೆ ಅಂಗಿಯ ಹಟ! ಮಗಳಾದ ನನಗೆ ಮೈಯೆಲ್ಲ ಉರಿದಿತ್ತು.

ಬೇಸಿಗೆಯಲ್ಲಿ ನಮ್ಮ ಓಣಿಯ ಗಂಡಸರೆಲ್ಲ ಹೆಗಲ ಮೇಲೊಂದು ಟವಲು ಹಾಕಿಕೊಂಡು ಕಟ್ಟೆಯ ಮೇಲೆ ಕೂತರೆ, ನಮ್ಮಪ್ಪ ತುಂಬುತೋಳಿನ ಅಂಗಿಯಲ್ಲಿ ಬೆವರುತ್ತಾನೆ. ಲಿಂಗಪೂಜೆಗೂ ಅಂಗಿ ತೆಗೆಯುವುದಿಲ್ಲ. ಮೇಲಿನ ಎರಡು ಗುಂಡಿ ಬಿಚ್ಚಿ, ಒಳಗೇ ಕೈ ಹಾಕಿ ವಿಭೂತಿ ಹಚ್ಚಿಕೊಳ್ಳುತ್ತಾನೆ. ಬಚ್ಚಲಿಗೂ ಅಂಗಿ ಹಿಡಿದೇ ಹೋಗಿ, ತೊಟ್ಟೇ ಹೊರಬರುತ್ತಾನೆ. “ಅಜ್ಜಿಗಿ ಅರಿವಿ ಚಿಂತಿ ಅಂತಾರ, ನಮ್ಮನ್ಯಾಗ ಅಜ್ಜಗ ಅಂಗಿ ಚಿಂತಿ” ಎಂದು ಅವ್ವ ಕಾಡಿಸುತ್ತಿದ್ದಳು. ಮದುವೆಗೆ ಮುಂಚೆ, ತುರ್ತು ಪರಿಸ್ಥಿತಿಯಲ್ಲಿ, ಗೋಡೆಗೆ ಪೋಸ್ಟರ್ ಅಂಟಿಸಿದ್ದಕ್ಕೆ ಅವನು ಜೈಲಿಗೆ ಹೋಗಿದ್ದ ಎಂಬುದು ನಮಗೆ ಗೊತ್ತಿತ್ತು. ಅದಕ್ಕೂ ಇದಕ್ಕೂ ನಂಟಿದೆ ಎಂದು ಯಾರಿಗೆ ಹೊಳೆಯಬೇಕು? ಕೇಳಿದರೆ “ಆಗಿದ್ದು ಆಗೇತಿ ಬಿಡು” ಅನ್ನುತ್ತಿದ್ದ.

ಕಳೆದ ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಒಂದು ಸಿನಿಮಾ ಬಂತು. ಆ ಕಾಲದ್ದೇ ಕಥೆ. ಪೊಲೀಸರು ಹುಡುಗನೊಬ್ಬನನ್ನು ಹಿಡಿಯಲು ಬರುತ್ತಾರೆ. ಅವನು ಜೀಪಿನ ಮುಂದೆ ನಿಂತು ಎದೆ ಉಬ್ಬಿಸಿ ಭಾಷಣ ಬಿಗಿಯುತ್ತಾನೆ. ಅಪ್ಪನಿಗೆ ಬೇಸರವಾದೀತೆಂದು ಬಂದ್ ಮಾಡಲು ಹೋದೆ. ಅವನು ನಕ್ಕುಬಿಟ್ಟ.

“ಇಷ್ಟುದ್ದ ಭಾಷಣ ಮಾಡಾಕ ಎಲ್ಲಿ ಬಿಡ್ತಾರವ್ವಾ! ನನ್ನ ಹಿಡಿಯಾಕ ಬಂದಾಗ ನಾ ತೆಲಿಗಿ ಊರಾಗ ಜಳಕ ಮಾಡಾಕತ್ತಿದ್ದೆ. ಹಸಿ ಟವಲ್ ಮ್ಯಾಲೇ ಬಸ್‌ಸ್ಟ್ಯಾಂಡ್ ತನಕ ನಡಿಸ್ಕೊಂಡು ಹೋದ್ರು. ಹೆಣ್ಮಕ್ಕಳು, ನಮ್ಮ ಮಾಸ್ತರು, ಎಲ್ರೂ ನಿಂತು ನೋಡಿದ್ರು. ‘ಅಂಗಿ ಒಂದು ಹಾಕ್ಕೊಂತೀನ್ರಿ ಸಾಹೇಬ್ರ’ ಅಂದೆ. ನಾ ಕೇಳಿದ್ದು ಅಷ್ಟ. ಕೊಡ್ಲಿಲ್ಲ.”

ಅವ್ವ ಬಾಯಿಗೆ ಸೆರಗು ಹಿಡಿದಳು. “ಅಯ್ಯ ಶಿವನ, ಇಷ್ಟು ವರ್ಷದಾಗ ನನಗೊಂದು ಮಾತು ಹೇಳಬಾರದಾ?”

“ಹೇಳಾಕ ಅದೇನು ದೊಡ್ಡ ಶೂರತನ ಐತೇನು?” ಎಂದು ಅಪ್ಪ ಟೀವಿಯತ್ತ ತಿರುಗಿದ. ಅವನನ್ನು ಹಿಡಿಸಿದ ಸರ್ಕಾರ ಹೋಗಿ ಎಷ್ಟು ಸರ್ಕಾರ ಬಂದು ಹೋದವೋ. ನಮ್ಮ ಬಚ್ಚಲ ಗೂಟದಲ್ಲಿ ಅಪ್ಪನ ಅಂಗಿ ಮಾತ್ರ ತೂಗುತ್ತಲೇ ಇತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಈಸಿಜಿ ಕೋಣೆಯ ನರ್ಸ್‌ಗೆ ಮೊದಲೇ ಹೇಳಿದೆ: “ಪರದಿ ಎಳೀರಿ, ಬಾಗ್ಲಾನೂ ಹಾಕ್ರಿ. ಯಾರನ್ನೂ ಒಳಗ ಬಿಡಬ್ಯಾಡ್ರಿ.” ಅಪ್ಪನತ್ತ ಕೈ ಚಾಚಿದೆ. “ಅಂಗಿ ನನ್ ಕೈಯಾಗ ಕೊಡಪ್ಪ. ನಾ ಇಲ್ಲೇ ನಿಂತಿರ್ತೀನಿ.”

ಅವನು ಗುಂಡಿ ಹಿಡಿದುಕೊಂಡು ಬಾಗಿಲತ್ತ ಒಮ್ಮೆ ನೋಡಿದ. ಆಮೇಲೆ ಪರದೆಯೊಳಗೆ ಹೋಗಿ ಬಿಚ್ಚಿ ಕೊಟ್ಟ. ಅಂಗಿ ಬೆವರಿಗೆ ತೊಯ್ದಿತ್ತು. ಪರದೆಯ ಹಿಂದಿನಿಂದ ಅವನ ದನಿ ಬಂತು.

“ಅವ್ವಾ, ಅಂಗಿ ಐತಿಲ್ಲ?”

“ಐತಪ್ಪ.”

ಯಂತ್ರ ಕಿರ್ರೆಂದು ಕಾಗದ ಬಿಡತೊಡಗಿತು. ತುಸು ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಐತಿ ಎಂದೆ. ಎದ್ದ ಕೂಡಲೇ ತೊಡಲಿ ಎಂದು ಎರಡೂ ತೋಳು ಬಿಡಿಸಿ, ಪರದೆಯ ಅಂಚಿನಲ್ಲಿ ಅಂಗಿ ಹಿಡಿದುಕೊಂಡೇ ನಿಂತೆ.