ಬಾಡಿಗೆ ಮಕ್ಕಳ ತರಗತಿ

ಸೂರತ್ತಿನ ಉಧನಾದಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಕೃಷ್ಣರಾಜರಿಗೆ ಮಗಳು ನಿಶ್ಚಿತಾ ಟೀಚರಾಗುತ್ತಾಳೆಂಬುದೇ ದೊಡ್ಡ ಹೆಮ್ಮೆ. "ನಮ್ಮಲ್ ಎಲ್ಲ ಸೌಟ್ ಹಿಡ್ದವ್ರೇ. ಚಾಕ್‌ಪೀಸ್ ಹಿಡುದ್ ಇವ್ಳೇ ಮೊದ್ಲ್" ಎಂದು ಊರ ಕಡೆಯ ಗಿರಾಕಿ ಬಂದಾಗಲೆಲ್ಲ ಹೇಳುವರು. ಆದರೆ ಅವಳ ಬಿ.ಎಡ್. ತರಬೇತಿಯ ಸರದಿ ಬಂದದ್ದು ಕೊರೊನಾ ಕಾಲದಲ್ಲಿ. ಚಾಕ್‌ಪೀಸೂ ಇಲ್ಲ, ಶಾಲೆಯೂ ಇಲ್ಲ. ಹೋಟೆಲಿನ ಮಹಡಿಯ ಕೋಣೆಯಲ್ಲಿ ಕೂತು, ಪಾಂಡೇಸರಾದ ಹಿಂದಿ ಶಾಲೆಯೊಂದರ ಆರನೇ ತರಗತಿಗೆ ಫೋನಿನಲ್ಲೇ ಗಣಿತ ಕಲಿಸಬೇಕು.

ಕಲಿಸುವುದಾದರೂ ಯಾರಿಗೆ? ಮಕ್ಕಳ ಅಪ್ಪಂದಿರು ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳಲ್ಲಿ ದುಡಿಯುವವರು. ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಮಿಲ್ಲಿಗೆ ಹೋಗುತ್ತಿತ್ತು. ತರಗತಿ ಖಾಲಿಯಿದ್ದರೆ ಕಾಲೇಜಿನ ಮೇಡಂ ಪಾಸು ಮಾಡುವುದಿಲ್ಲ. ಹಾಗಾಗಿ ತರಬೇತಿಯ ಹುಡುಗಿಯರು ಒಂದು ಉಪಾಯ ಕಂಡುಕೊಂಡರು. ಮೇಡಂ ಪಾಠ ನೋಡಲು ಬರುವ ದಿನ ಸಹಪಾಠಿಗಳೇ ಮಕ್ಕಳ ಹೆಸರು ಹಾಕಿಕೊಂಡು, ಕ್ಯಾಮೆರಾ ಆಫ್ ಮಾಡಿ ಕೂರುವುದು. 'ಬಾಡಿಗೆ ಮಕ್ಕಳು' ಎಂದು ತಾವೇ ನಗುತ್ತಿದ್ದರು. ಅನುಮಾನ ಬಾರದಿರಲೆಂದು ನಡುನಡುವೆ ತಪ್ಪು ಉತ್ತರವನ್ನೂ ಕೊಡುತ್ತಿದ್ದರು. ಕಳ್ಳಾಟಕ್ಕೂ ಎಷ್ಟೊಂದು ಅಚ್ಚುಕಟ್ಟು ನೋಡಿ! ನಿಶ್ಚಿತಾಳೂ ಗೆಳತಿಯರಿಗಾಗಿ ಹಾಗೆ ಕೂತವಳೇ.

ಅವಳ ಸರದಿಯ ದಿನ ಗೆಳತಿ ಅರ್ಚಿತಾ 'ಲಿಪ್ಸಾ' ಆದಳು. ನಿಜವಾದ ಲಿಪ್ಸಾ ಒಡಿಶಾದಿಂದ ಬಂದ ಮಿಲ್ ಕೆಲಸಗಾರನೊಬ್ಬನ ಮಗಳು. ತರಗತಿಯಲ್ಲಿ ಅವಳ ಸುಳಿವಿಲ್ಲದೆ ಬಹಳ ದಿನವಾಗಿತ್ತು. ಭಿನ್ನರಾಶಿಯ ಪಾಠ ಸಾಗಿತು. ಅರ್ಚಿತಾ ಎಳೆಯ ದನಿ ಮಾಡಿಕೊಂಡು ಪಟಪಟನೆ ಉತ್ತರ ಕೊಟ್ಟಳು. ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು 'ಲಿಪ್ಸಾ' ಕಾಣಿಸಿಕೊಂಡಿತು. ಹಿಂದೆ ಯಂತ್ರಗಳ ಗದ್ದಲ.

"ಇದೇನು, ಒಬ್ಬಳೇ ಎರಡು ಸಲ ಬಂದಿದ್ದಾಳೆ? ಆ ಗಲಾಟೆಯದನ್ನು ತೆಗೆದುಬಿಡಿ" ಎಂದರು ಮೇಡಂ ಹಿಂದಿಯಲ್ಲಿ.

"ಟೀಚರ್, ನಾನು ಲಿಪ್ಸಾ…" ಗದ್ದಲದ ನಡುವೆ ಹುಡುಗಿಯ ದನಿ ಕೇಳಿಸಿತು.

ನಿಶ್ಚಿತಾ ಪರದೆಯ ಮೇಲಿನ ಎರಡೂ ಹೆಸರು ನೋಡಿದಳು. ನಿಜ ಹೇಳಿದರೆ ತಾನೂ ಮುಳುಗುವಳು, ಗೆಳತಿಯರೂ ಮುಳುಗುವರು. ಬಂದ ಹುಡುಗಿಯನ್ನೇ ಹೊರಗೆ ಹಾಕಿದಳು. ಗದ್ದಲ ನಿಂತಿತು. ಪಾಠ ಸೊಗಸಾಗಿತ್ತು, ಪಾಸು ಎಂದರು ಮೇಡಂ.

ಕೆಳಗೆ ಕೃಷ್ಣರಾಜರು ಖುಷಿಯಿಂದ ಗಿರಾಕಿಗಳಿಗೆಲ್ಲ ಶಿರಾ ಹಂಚಿದರು. "ಮೋರೆ ಎಂತಕ್ಕೆ ಸಣ್ಣ ಆಯ್ತ್ ಮಗಾ? ಪಾಸ್ ಆಯ್ತಲ್ದಾ?" ಎಂದು ಮಗಳ ಕೈಗೂ ಬಟ್ಟಲು ಕೊಟ್ಟರು. ಅವಳು ಅದನ್ನು ಹಾಗೇ ಮೇಜಿನ ಮೇಲಿಟ್ಟಳು. ನಾಚಿಕೆಯೆಂದರೆ ಏನೆಂದು ಆವತ್ತು ಅವಳಿಗೆ ಗೊತ್ತಾಯಿತು.

ಸಂಜೆ ಲಿಪ್ಸಾಳ ಮನೆಗೆ ಫೋನ್ ಮಾಡಿದಳು. ಎತ್ತಿದವನು ಅಪ್ಪ. ಮಗಳು ಪಾಠ ಕೇಳಲೇಬೇಕೆಂದು ಹಟ ಹಿಡಿದಳಂತೆ. ಊಟದ ಬಿಡುವಿನಲ್ಲಿ ಅವಳನ್ನು ಮಿಲ್ಲಿನ ಗೇಟಿಗೇ ಕರೆಸಿ ಫೋನು ಕೊಟ್ಟಿದ್ದನಂತೆ. ಗಲಾಟೆ ಆಯಿತೇನೋ, ತಪ್ಪಾಯಿತು ಟೀಚರ್ ಎಂದು ಅವನೇ ಕ್ಷಮೆ ಕೇಳಿ, ಫೋನನ್ನು ಮಗಳಿಗೆ ಕೊಟ್ಟ.

ಲಿಪ್ಸಾ ಅಳಲಿಲ್ಲ, ದೂರಲೂ ಇಲ್ಲ. ಇಷ್ಟೇ ಕೇಳಿದಳು: "ಟೀಚರ್, ಆ ಇನ್ನೊಬ್ಬಳು ಲಿಪ್ಸಾ ನನಗಿಂತ ಜಾಣೆಯಾ? ಅದಕ್ಕೇ ಅವಳನ್ನ ಇಟ್ಕೊಂಡ್ರಾ?"

ನಿಶ್ಚಿತಾಳಿಗೆ ಅಳು ತಡೆಯಲಾಗಲಿಲ್ಲ. "ಇನ್ನೊಬ್ಬಳು ಲಿಪ್ಸಾ ಇಲ್ಲವೇ ಇಲ್ಲ ಪುಟ್ಟಾ. ನಾನೇ ಸುಳ್ಳು ಹೇಳಿದೆ" ಎಂದಳು. ಆಮೇಲೆ, ಗೆಳತಿಯರ ಹೆಸರೆತ್ತದೆ, ಮೇಡಂಗೂ ಫೋನ್ ಮಾಡಿ ಅದನ್ನೇ ಹೇಳಿದಳು. ಆ ವರ್ಷ ಅವಳು ಪಾಸಾಗಲಿಲ್ಲ.