ಇಳಿದ ಹೊತ್ತು ಬರೆಯದ ಸಾಲು

ನಮ್ಮ ಸಮಿತಿಯ ಸಭೆ ಭಾನುವಾರ ಬೆಳಿಗ್ಗೆ ನಡೆಯುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಂಪ್ಯೂಟರಿನಲ್ಲಿ ದನಿಗಳು ಮಾತ್ರ ಕೇಳುತ್ತವೆ. ನನ್ನದು ದನಿಯೂ ಇರಲಿಲ್ಲ. ಮೂವರ ಸಮಿತಿಯಲ್ಲಿ ದಾಖಲೆ ನೋಡಿಕೊಳ್ಳುವವಳು ನಾನು. ಹೇಳಬೇಕಾದ್ದನ್ನು ಟೈಪ್ ಮಾಡುತ್ತಿದ್ದೆ. ಸೇರಿದ ದಿನದಿಂದ ಹಾಗೆಯೇ ನಡೆದುಬಂದಿದ್ದರಿಂದ ಯಾರೂ ಕಾರಣ ಕೇಳಿರಲಿಲ್ಲ.

ನಮ್ಮದು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರ ಬಳಗ. ವಿಮಾನವೂ ಆಕಾಶವೂ ಪರದೆಯ ಮೇಲಿನವು, ನಿಯಮಗಳು ಮಾತ್ರ ನಿಜವಾದವು. ಕೆಲವರು ಹಾರಿಸುತ್ತಾರೆ, ಕೆಲವರು ನಿಯಂತ್ರಕರಾಗಿ ಕೂತು ರಾಡಾರ್ ನೋಡುತ್ತ ಅವರಿಗೆ ದಾರಿ ಹೇಳುತ್ತಾರೆ. ನಿಯಂತ್ರಕರಿಗೆ ಸಂಬಳವಿಲ್ಲ, ಕೂತದ್ದಕ್ಕೆ ಸಾಕ್ಷಿಯೂ ದಾಖಲೆಯ ಗಂಟೆಗಳಷ್ಟೇ. ಹತ್ತು ವರ್ಷ ಹೀಗೆ ಕೂತವರಿಗೆ ಒಂದು ಫಲಕ ಕೊಡೋಣ ಎಂದು ತೀರ್ಮಾನವಾಯಿತು. ಪಟ್ಟಿ ಮಾಡುವ ಕೆಲಸ ನನಗೆ ಬಂತು.

ಪಟ್ಟಿಯ ಕೊನೆಯ ಹೆಸರು ಓದಿದಾಗ ತರಬೇತಿ ನೋಡಿಕೊಳ್ಳುವವರು ನಕ್ಕರು.

“ಇವರಾ? ದೆವ್ವದ ಕಂಟ್ರೋಲರ್ರು.”

“ಸುಮ್ನಿರಿ, ವಯಸ್ಸಾದೋರು,” ಎಂದರು ಅಧ್ಯಕ್ಷರು. ಅವರ ದನಿಯಲ್ಲೂ ನಗುವಿತ್ತು.

“ಅಲ್ಲ ಸರ್, ದಿನಾ ಮಧ್ಯಾಹ್ನ ಹುಬ್ಬಳ್ಳಿ ಏರ್‌ಪೋರ್ಟಿನ ಗೋಪುರದಲ್ಲಿ ಕೂರ್ತಾರೆ. ಆ ಹೊತ್ತಿಗೆ ಒಂದು ನೊಣಾನೂ ಹಾರಲ್ಲ. ಹಿಂದೆ ಕೇಳಿದ್ರೆ, ಹೆಸರಿಲ್ಲದ ವಿಮಾನ ಬಂದಿತ್ತು, ಉಡುತಡಿ ಮೇಲೆ ಸುತ್ತು ಹಾಕ್ತಿತ್ತು ಅಂತಿದ್ರು. ನಾನು ಹೋಗಿ ನೋಡಿದಾಗೆಲ್ಲ ಖಾಲಿ. ಅದೂ ಬಿಡಿ. ಈ ಒಂದು ದಿನ ನೋಡಿ. ಮಧ್ಯಾಹ್ನ ಎರಡಕ್ಕೆ ಕೂತೋರು ಮಾರನೇ ಬೆಳಿಗ್ಗೆ ಎದ್ದಿದಾರೆ. ಗಂಟೆ ಏರ್ಲಿ ಅಂತ ಕಂಪ್ಯೂಟರ್ ಹಚ್ಚಿಟ್ಟು ಮಲಗಿದಾರೆ, ಅಷ್ಟೇ.”

“ಮೇಡಂ, ಆ ದಿನ ವಿಮಾನ ಎಷ್ಟು?” ಎಂದು ಅಧ್ಯಕ್ಷರು ಕೇಳಿದರು.

‘ದಾಖಲೆಯಲ್ಲಿ ಸೊನ್ನೆ ಎಂದಿದೆ,’ ಎಂದು ಟೈಪ್ ಮಾಡಿದೆ. ಬರೆದದ್ದರಲ್ಲಿ ಸುಳ್ಳಿರಲಿಲ್ಲ.

“ಹಂಗಾದ್ರೆ ಹೆಸರು ತೆಗೀರಿ. ಸುಳ್ಳು ಗಂಟೆ ಅಂತ ಅವರ ಕಡತದಲ್ಲೂ ಒಂದು ಮಾತು ಬರೀರಿ. ಮುಂದಿನ ಭಾನುವಾರ ಪಟ್ಟಿ ಅಂತಿಮ ಮಾಡೋಣ.”

ಆ ಹೆಸರಿಲ್ಲದ ವಿಮಾನ ನನ್ನದು.

ಸ್ನಾತಕೋತ್ತರ ಓದು ಮುಗಿಸಿ ಶಿಕಾರಿಪುರಕ್ಕೆ ಮರಳಿದ ಮೇಲಿನ ಎರಡು ವರ್ಷ ನನಗೆ ಕೆಲಸವಿರಲಿಲ್ಲ. ಮನೆಗೆ ಬಂದವರೆಲ್ಲ ‘ಮುಂದೇನು’ ಎಂದು ಕೇಳುತ್ತಿದ್ದರು. ಮಧ್ಯಾಹ್ನ ಅಪ್ಪ ಬಟ್ಟೆ ಅಂಗಡಿಯ ಬಾಗಿಲು ಎಳೆದು ಊಟಕ್ಕೆ ಬಂದು ಮಲಗುತ್ತಿದ್ದರು, ಅಮ್ಮನೂ ಮಲಗುತ್ತಿದ್ದಳು. ಆ ಎರಡು ಗಂಟೆ ಮಾತ್ರ ನನ್ನವು. ಆಗ ಬಳಗದ ಆಕಾಶದಲ್ಲಿ ಹೆಸರು ಕೊಡದೆ ಅತಿಥಿಯಾಗಿ ಹಾರಬಹುದಿತ್ತು; ಅತಿಥಿಗಳ ಹಾರಾಟ ದಾಖಲೆಯಲ್ಲಿ ಉಳಿಯುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಸಣ್ಣ ವಿಮಾನ ಎತ್ತಿಕೊಂಡು ಉಡುತಡಿಯ ಮೇಲೆ ಬಂದು ಸುತ್ತುತ್ತಿದ್ದೆ. ಅಲ್ಲಿ ನಮ್ಮ ಅಜ್ಜಿಯ ಮನೆ ಇತ್ತು. ಪರದೆಯ ಮೇಲೆ ಮನೆಯಿರಲಿಲ್ಲ, ಊರೂ ಇರಲಿಲ್ಲ. ಹಸಿರು, ಕಂದು ಚೌಕಗಳು, ಕೆರೆ ಇರಬೇಕಾದಲ್ಲಿ ಒಂದು ನೀಲಿ ಕಲೆ. ಯಾರೂ ಇಲ್ಲದ, ಯಾರೂ ಏನೂ ಕೇಳದ ಆ ಊರನ್ನು ನೋಡಲೆಂದೇ ನಾನು ಹೋಗುತ್ತಿದ್ದೆ.

ಮೊದಲ ವಾರದಲ್ಲೇ ಒಂದು ದನಿ ಬಂತು.

“ಉಡುತಡಿ ಮೇಲಿರೋ ವಿಮಾನ, ಇದು ಹುಬ್ಬಳ್ಳಿ ಗೋಪುರ. ಕೇಳ್ತಾ ಇದ್ರೆ ಉತ್ತರ ಕೊಡ್ರಿ.”

ನಾನು ಕೊಡಲಿಲ್ಲ. ಬರೆದು ತಿಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತು ಕಾದು ಅವರೇ ಹೇಳಿದರು: “ಮಾತಾಡೋಕೆ ಮನಸ್ಸಿಲ್ಲ ಅಂದ್ರೆ ಬೇಡ. ಗಾಳಿ ಪಡುವಣದಿಂದ ಐತೆ, ಹುಷಾರು.”

ಅಂದಿನಿಂದ ಪ್ರತಿ ಮಧ್ಯಾಹ್ನವೂ ಹಾಗೆಯೇ. ಗಾಳಿ ಎಷ್ಟು, ಮೋಡ ಎಲ್ಲಿ, ಯಾವ ಎತ್ತರ ಒಳ್ಳೆಯದು ಎಂದು ಅವರು ಹೇಳುತ್ತಿದ್ದರು. ನಾನು ಮರಳಿ ಹುಬ್ಬಳ್ಳಿಯಲ್ಲಿ ಇಳಿದ ಮೇಲೆ, “ಇಳಿದ್ರಿ. ಒಳ್ಳೇದು. ನಾನೂ ಏಳ್ತೀನಿ,” ಎನ್ನುತ್ತಿದ್ದರು. ಮೂರನೆಯವರು ಯಾರಾದರೂ ಆ ಆಕಾಶದಲ್ಲಿ ಕಂಡರೆ ಅಂದು ವಿಮಾನ ಎತ್ತದೆ, ನೆಲದ ಮೇಲಿದ್ದಾಗಲೇ ಕಂಪ್ಯೂಟರ್ ಆರಿಸಿಬಿಡುತ್ತಿದ್ದೆ; ಹಾರುತ್ತಿರುವಾಗ ಯಾರೂ ಬಂದದ್ದಿಲ್ಲ. ಹಾಗಾಗಿ ಅವರೊಬ್ಬರ ಹೊರತು ನನ್ನನ್ನು ಬೇರೆ ಯಾರೂ ಕಂಡಿರಲಿಲ್ಲ. ಮಟಮಟ ಮಧ್ಯಾಹ್ನ ದೆವ್ವ ತಿರುಗುವ ಹೊತ್ತು, ಹೊರಗೆ ಹೋಗಬೇಡ ಎಂದು ಅಜ್ಜಿ ಗದರುತ್ತಿದ್ದಳು. ಆ ಹೊತ್ತಿಗೆ ತಿರುಗುವವಳು ನಾನೇ ಆಗಿದ್ದೇನೆ ಎಂದು ಆಗ ಹೊಳೆದಿರಲಿಲ್ಲ.

ಒಂದು ದಿನ ಉಡುತಡಿಯ ಮೇಲಿದ್ದಾಗ ನನ್ನನ್ನು ನೋಡಲು ಜನ ಬಂದರು. ಸಂಜೆಗೆ ಬರಬೇಕಾದವರು ಎರಡೂವರೆಗೇ ಬಂದಿದ್ದರು. ಅಮ್ಮ ಬಾಗಿಲು ತಟ್ಟಿ ಸೀರೆ ಕೊಟ್ಟಳು. ನಾನು ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಆ ಸಂಬಂಧ ಕೂಡಲಿಲ್ಲ, ಆದರೆ ಮುಂದಿನ ತಿಂಗಳು ಕಾಲೇಜೊಂದರಲ್ಲಿ ಪಾಠದ ಕೆಲಸ ಸಿಕ್ಕಿತು, ಮಧ್ಯಾಹ್ನಗಳು ಹೋದವು. ಅತಿಥಿಗಳ ದಾರಿಯನ್ನೂ ಬಳಗ ಮುಚ್ಚಿತು. ಎಷ್ಟೋ ಕಾಲದ ಮೇಲೆ ಸ್ವಂತ ಹೆಸರಿನಲ್ಲಿ ಸದಸ್ಯೆಯಾದೆ, ದಾಖಲೆಯ ಕೆಲಸ ಕೇಳಿ ಪಡೆದೆ. ಅವರು ಕೂರುವ ಹೊತ್ತಿಗೆ ಮಾತ್ರ ಎಂದೂ ಹಾರಲಿಲ್ಲ. ಆ ದಿನ ನಾನು ಮಾಯವಾದ ಮೇಲೆ ಅವರೇನು ಮಾಡಿರಬಹುದು ಎಂದು ಯೋಚಿಸಿಯೂ ಇರಲಿಲ್ಲ. ಸಭೆಯಲ್ಲಿ ಆ ಸಾಲು ತೆರೆದಾಗ ತಾರೀಖು ನೋಡಿದೆ. ಅದೇ ದಿನ.

ಸಮಿತಿಗೆ ಪತ್ರ ಬರೆಯಲು ಕೂತೆ. ‘ತಿಳಿದವರೊಬ್ಬರ ಪ್ರಕಾರ’ ಎಂದು ಶುರುಮಾಡಿ ಅಳಿಸಿದೆ. ನನ್ನ ಹೆಸರಿಲ್ಲದೆ ಅದನ್ನು ನಂಬಲು ಯಾರಿಗೂ ಕಾರಣವಿರಲಿಲ್ಲ. ಹೆಸರು ಹಾಕುವುದಾದರೆ ಮೊದಲು ತಿಳಿಯಬೇಕಾದವರು ಅವರು. ಕಡತದಲ್ಲಿದ್ದ ವಿಳಾಸ ಆನವಟ್ಟಿಯದು. ಎರಡು ವರ್ಷ ನಾನು ಸುತ್ತುತ್ತಿದ್ದದ್ದು ಅವರ ಮಗ್ಗುಲಲ್ಲೇ. ಗುರುವಾರ ರಜೆ ಹಾಕಿ ಬಸ್ ಹತ್ತಿದೆ.

ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ. ಹುಬ್ಬಿನ ತನಕ ಹಿಟ್ಟು ಮೆತ್ತಿದ್ದ ಹೆಂಗಸು ಹೊರಗೆ ಬಂದರು.

“ಜ್ವಾಳ ತಂದೀರೇನು? ತ್ರೀ ಫೇಸ್ ಇಲ್ಲ, ನಾಕಕ್ಕೆ ಬರ್ರಿ.”

“ಯಜಮಾನರನ್ನು ನೋಡಬೇಕಿತ್ತು. ವಿಮಾನದ ವಿಷಯ.”

“ಅಯ್ಯ, ಅದಾ? ಒಳಗೆ ಅದಾರೆ ಹೋಗ್ರಿ. ಬಸ್ ಸ್ಟ್ಯಾಂಡಿನಾಗೆ ಕಂಟ್ರೋಲರ್ ಆಗಿ ಇರೋ ಬಸ್ ಕಾದರು, ರಿಟೈರಾಗಿ ಇಲ್ಲದ ವಿಮಾನ ಕಾಯ್ತಾರೆ. ಗಿರಣಿ ನಿಂತಾಗಷ್ಟೇ ಇವರ ಮೈಕು. ಇಲ್ಲಾಂದ್ರೆ ಆ ಕಡೆಯೋರಿಗೆ ಗರಗರ ಅನ್ನೋದೇ ಕೇಳ್ತದಂತೆ.”

ಮಧ್ಯಾಹ್ನವೇ ಏಕೆ ಎಂಬುದು ಆಗ ತಿಳಿಯಿತು. ಒಳಗೆ, ಹೆಗಲಿಗೆ ಟವೆಲು ಹಾಕಿಕೊಂಡು ತೆಳ್ಳಗಿನವರೊಬ್ಬರು ಪರದೆಯ ಮುಂದೆ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ನಾನು ಅಂಜಿದ್ದಷ್ಟು ಹೊತ್ತು ಹಿಡಿಯಲಿಲ್ಲ.

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಎಲ್ಲಿ ಇಳಿದ್ರಿ ಅವತ್ತು?” ಎಂದರು.

“ಇಳಿಯಲಿಲ್ಲ. ಮನೆಗೆ ಜನ ಬಂದರು. ಸ್ವಿಚ್ ಆರಿಸಿದೆ.”

“ಆರಿಸಿದ್ಯೇನವ್ವ?” ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರ ಹೆಂಡತಿ ಅಂದರು. “ಇವರು ಅವತ್ತು ಊಟಾನೂ ಕುಂತಲ್ಲೇ ಮಾಡಿದ್ರು. ಬೆಳಗಾಗ್ತದೆ, ಏಳ್ರಿ ಅಂದ್ರೆ, ಇನ್ನೂ ಬಂದಿಲ್ಲ ಅಂತಾರೆ. ಒಂದ್ಸಲ ಸೊರಬದಿಂದ ಬರೋ ಕಡೇ ಬಸ್ಸು ಲೇಟಾತು ಅಂತ ಕಿಟಕಿ ಮುಚ್ಚಿ ಮನೆಗೆ ಬಂದಿದ್ರು. ಆ ಬಸ್ಸು ಕಾಲುವೆಗೆ ಇಳಿದಿತ್ತು. ಬೆಳಗಾಗೋತನ ಯಾರಿಗೂ ಗೊತ್ತಿಲ್ಲ. ಒಬ್ಬ ಅಜ್ಜ ಅಲ್ಲೇ ಜೀವ ಬಿಟ್ಟಿದ್ದ. ಅವತ್ತಿಂದ, ಬರಬೇಕಾದ್ದು ಬರೋತನ ಇವರಿಗೆ ಏಳೋಕಾಗಲ್ಲ.”

“ಸಾಕು ಬಿಡು. ಚಾ ಇಡು ಹೋಗು.”

ಅವರು ಮೇಜಿನ ಕೆಳಗಿನಿಂದ ಉದ್ದನೆಯ ಪುಸ್ತಕ ತೆಗೆದರು. ಬಸ್ ನಿಲ್ದಾಣದ ಪುಸ್ತಕದಂತೆ ಕೈಯಲ್ಲಿ ಗೆರೆ ಹೊಡೆದದ್ದು: ಹೊರಟದ್ದು, ಬಂದದ್ದು. ನನ್ನ ಮಧ್ಯಾಹ್ನಗಳೆಲ್ಲ ಅಲ್ಲಿದ್ದವು. ಹೆಸರಿನ ಜಾಗದಲ್ಲಿ ‘ಉಡುತಡಿ’ ಎಂದು ಬರೆದಿದ್ದರು. ನಾನು ಮರೆತೇಬಿಟ್ಟಿದ್ದ ದಿನಗಳು, ಒಂದೊಂದೂ ಹೊತ್ತಿನ ಸಮೇತ. ಕೊನೆಯ ಸಾಲಿನಲ್ಲಿ ‘ಬಂದದ್ದು’ ಎಂಬ ಜಾಗ ಖಾಲಿ.

“ಈಗ ಬರೆದು ಮುಗಿಸಿಬಿಡಿ,” ಎಂದೆ.

“ಏನಂತ ಬರೀಲಿ? ಇಳಿದಿಲ್ಲ ಅಂತ ನೀವೇ ಅಂದ್ರಲ್ಲ. ಬರದಿರೋದನ್ನ ಬಂತು ಅಂತ ಬರಿಯೋಕಾಗಲ್ಲ ತಾಯಿ.”

ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಫಲಕದ ವಿಷಯ, ಸಮಿತಿಯವರು ಅಂದದ್ದು, ಎಲ್ಲ ತಿಳಿಸಿದೆ.

“ಫಲಕ ಕೊಡ್ಲಿ, ಬಿಡ್ಲಿ. ಸುಳ್ಳು ಗಂಟೆ ಅಂದ್ರಲ್ಲ, ಅದು ಒಂದು ಹೋಗ್ಬೇಕು ನೋಡ್ರಿ.” ಸ್ವಲ್ಪ ತಡೆದು, “ಆದ್ರೆ ನಿಮ್ಮ ಹೆಸರು ಬರ್ತದಲ್ಲ?” ಎಂದರು.

“ಬರುತ್ತದೆ,” ಎಂದೆ. ಅಷ್ಟರಲ್ಲಿ ಗಿರಣಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂದು ಹೊರಗೆ ಅದು ಶುರುವಾಯಿತು. ಮುಂದೆ ಮಾತು ಕೇಳಿಸಲಿಲ್ಲ.

ಭಾನುವಾರ ಅಧ್ಯಕ್ಷರು ಪಟ್ಟಿ ಓದಲು ಶುರುಮಾಡುವ ಮೊದಲು ಮೈಕಿನ ಗುಂಡಿ ಒತ್ತಿದೆ. “ಒಂದು ವಿಷಯ ಹೇಳಬೇಕು.”

“ಯಾರ್ರೀ ಇದು?”

“ದಾಖಲೆ ನೋಡಿಕೊಳ್ಳುವವಳು.”

“ಮೇಡಂ, ನೀವು ಮಾತಾಡ್ತೀರಾ?” ಎಂದರು ತರಬೇತಿಯವರು.

ಹೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳುತ್ತಿತ್ತು.

“ಎರಡು ವರ್ಷ,” ಎಂದರು ತರಬೇತಿಯವರು. “ಒಂದ್ಸಲಾನೂ ಉತ್ತರ ಕೊಡ್ಲಿಲ್ವಾ?”

“ಇಲ್ಲ.”

“ಅವರಿಗೆ ಡಾಕ್ಟರಿಗೆ ಕಣ್ಣು ತೋರಿಸ್ಕೊಳ್ಳಿ ಅಂದಿದ್ದೆ ಮೇಡಂ ನಾನು. ಎಲ್ಲರ ಎದುರಿಗೆ.”

ನಾನು ಆ ದಿನದ ಸಾಲು ತೆರೆದೆ.

“ಹೆಸರು ಇರಲಿ,” ಎಂದರು ಅಧ್ಯಕ್ಷರು. “ಕಡತದ ಮಾತು ತೆಗೀರಿ. ಆ ದಿನದ್ದನ್ನ ತಿದ್ದಿ.”

ಸೊನ್ನೆ ಅಳಿಸಿ ಒಂದು ಎಂದು ಬರೆದೆ. ಪಕ್ಕದ ಅಂಕಣ ಇಳಿದ ಸಮಯ ಕೇಳಿತು. ಏನಾದರೂ ತುಂಬಬಹುದಿತ್ತು. ಖಾಲಿ ಬಿಟ್ಟೆ. ಕಡತ ತೆರೆದಾಗಲೆಲ್ಲ ಆ ಸಾಲು ಅಪೂರ್ಣವೆಂದು ಕೆಂಪಗೆ ಕಾಣುತ್ತದೆ.

ಫಲಕ ಅಂಚೆಯಲ್ಲಿ ಆನವಟ್ಟಿಗೆ ಹೋಯಿತು. ಈಗ ರಜೆಯ ಮಧ್ಯಾಹ್ನಗಳಲ್ಲಿ ನಾನು ಸ್ವಂತ ಹೆಸರಿನಲ್ಲಿ ಹಾರುತ್ತೇನೆ. ಅವರು ಹೇಳಿದ್ದನ್ನು ನಿಯಮದಂತೆ ತಿರುಗಿ ಹೇಳುತ್ತೇನೆ, ಇಳಿದ ಮೇಲೆ ಹೊತ್ತು ಹೇಳುತ್ತೇನೆ. ಅವರು ಬರೆದುಕೊಳ್ಳುವ ಸದ್ದು ಕೇಳುತ್ತದೆ. ಅದರಾಚೆಗೆ ನಾವು ಮಾತಾಡಿದ್ದು ಕಡಿಮೆ.

ಮೊದಲ ಸಲ ಹಾಗೆ ಹೋದಾಗ, ಅಭ್ಯಾಸಬಲದಿಂದ ವಿಮಾನದ ಮೂತಿಯನ್ನು ಉಡುತಡಿಯ ಕಡೆಗೆ ತಿರುಗಿಸಿದ್ದೆ.

“ಆ ಕಡೆ ಬೇಡ್ರಿ,” ಎಂದರು. “ಅಲ್ಲಿ ಮೊದಲೇ ಒಂದು ಐತೆ, ಇನ್ನೂ ಇಳಿದಿಲ್ಲ. ಈಸೂರಿನ ಕಡೆ ತಿರುಗಿಸ್ರಿ.”

ತಮಾಷೆಗೆ ಅಂದದ್ದೋ ಏನೋ, ದನಿಯಿಂದ ತಿಳಿಯಲಿಲ್ಲ. ನನ್ನ ಪರದೆಯಲ್ಲಿ ಹಸಿರು, ಕಂದು ಚೌಕಗಳ ಹೊರತು ಏನೂ ಇರಲಿಲ್ಲ.

“ಉಡುತಡಿ ಬಿಟ್ಟು, ಈಸೂರಿನ ಕಡೆಗೆ,” ಎಂದು ತಿರುಗಿ ಹೇಳಿ, ದೂರದಿಂದಲೇ ಸುತ್ತಿಕೊಂಡು ಹೋದೆ.